ಸೊನ್ನೆ ಕಾಯುವ ಜಬೀನ್

ಮಾನ್ವಿಯ ಊರಾಚೆಯ ಗುಡ್ಡದ ಮೇಲೆ ಮೂಡಣ ಇನ್ನೂ ಬೂದಿ ಬಣ್ಣದಲ್ಲಿದೆ. ಕೆಳಗೆ ಊರು ಮಗ್ಗುಲು ಬದಲಿಸುತ್ತಿದೆ. ಎಲ್ಲೋ ಒಂದು ಪಂಪ್‌ಸೆಟ್ ಗೊಣಗುತ್ತದೆ, ಅಜಾನ್ ಮುಗಿದ ಮೈಕಿನಲ್ಲಿ ಯಾರೋ ಒಮ್ಮೆ ಕೆಮ್ಮುತ್ತಾರೆ. ಮೇಲೆ ಎರಡು ಬಂಡೆಗಳ ನಡುವೆ ಜಮಖಾನ ಹಾಸಿಕೊಂಡು ಜಬೀನ್ ಕೂತಿದ್ದಾರೆ. ಎದುರಿಗೆ ಒಂದು ಹಳೆಯ ಲ್ಯಾಪ್‌ಟಾಪ್, ಪಕ್ಕದಲ್ಲಿ ಬುತ್ತಿ ಡಬ್ಬಿಯಷ್ಟಿರುವ ರೇಡಿಯೋ ಸೆಟ್ಟು, ಅದಕ್ಕೊಂದು ಬ್ಯಾಟರಿ. ಶಿವರಾಜ ಬಿದಿರಿನ ಗಳದ ತುದಿಗೆ ಆಂಟೆನಾ ತಂತಿ ಕಟ್ಟಿ ನಿಲ್ಲಿಸುತ್ತಿದ್ದಾನೆ. ಊರಿನಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಹುಡುಗ. ದೂರದೂರದವರೊಂದಿಗೆ ಮಾತಾಡುವ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ, ಪರವಾನಗಿ ಇರುವವನು.

"ಅಕ್ಕಾ, ಟೈಮ್ ಎಷ್ಟಾತ್ರಿ?"

"ಟೈಮ್ ಎಲ್ಲಾರ ಹತ್ರನೂ ಇರ್ತದೋ. ನನ್ನ ಹತ್ರ ಸೆಕೆಂಡ್ ಕೇಳು."

ಜಬೀನ್ ಕೈಯಲ್ಲಿ ಗಡಿಯಾರವಿಲ್ಲ. ರಾಯಚೂರಿನ ತೀನ್ ಕಂದೀಲ್ ಬಳಿಯ ಗಡಿಯಾರ ರಿಪೇರಿ ಅಂಗಡಿಯ ಮಗಳು ಬರಿಗೈಯಲ್ಲಿ ಓಡಾಡುವುದನ್ನು ನೋಡಿ ನಗುವವರಿದ್ದಾರೆ. ಆದರೆ ಹೊತ್ತನ್ನು ಇಷ್ಟು ಜೋಪಾನವಾಗಿ ಹೊತ್ತು ತಿರುಗುವವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ, ಇಂಟರ್ನೆಟ್ ಇಲ್ಲದ ಗುಡ್ಡ, ಹೊಳೆದಂಡೆ, ಬಯಲುಗಳಲ್ಲಿ ರೇಡಿಯೋ ಹೂಡುವ ಹವ್ಯಾಸಿಗಳ ಕಂಪ್ಯೂಟರುಗಳಿಗೆ ಸರಿಯಾದ ಸೆಕೆಂಡು ತುಂಬಿ ಕಳಿಸುವುದು ಇವರ ಕೆಲಸ. ಇವರಿಗೆ ಪರವಾನಗಿ ಇಲ್ಲ, ಸೆಟ್ಟಿನ ಗುಂಡಿ ಒತ್ತುವಂತಿಲ್ಲ. ಗುಂಡಿ ಶಿವರಾಜನದು, ಗಡಿಯಾರ ಜಬೀನ್‌ದು.

ಈ ಹೊತ್ತಿನ ಲೆಕ್ಕ ಹೀಗಿದೆ. ಹವ್ಯಾಸಿಗಳು ಈಗ ಬಾಯಲ್ಲಿ ಮಾತಾಡುವುದಕ್ಕಿಂತ ಕಂಪ್ಯೂಟರಿನಲ್ಲಿ ಮಾತಾಡುವುದೇ ಹೆಚ್ಚು. ನಾಲ್ಕು ಪದ ಟೈಪು ಮಾಡಿದರೆ ಕಂಪ್ಯೂಟರು ಅದನ್ನು ಒಂದು ವಿಚಿತ್ರ ರಾಗ ಮಾಡುತ್ತದೆ, ಸೆಟ್ಟು ಆ ರಾಗವನ್ನು ಆಕಾಶಕ್ಕೆ ಎಸೆಯುತ್ತದೆ. ಒಂದು ಸಣ್ಣ ಬಲ್ಬು ಉರಿಯುವಷ್ಟು ಕರೆಂಟಿನಲ್ಲಿ ಸಮುದ್ರ ದಾಟುತ್ತದೆ. ಆ ರಾಗ ಹೇಗಿರುತ್ತದೆ ಎಂದು ಕೇಳಿದರೆ ಜಬೀನ್ ಹೇಳುವುದಿಲ್ಲ, ಮಾಡಿಯೇ ತೋರಿಸುತ್ತಾರೆ: ತುಟಿ ಮುಂದೆ ಮಾಡಿ, ಗಂಟಲಲ್ಲಿ ನೀರು ತುಂಬಿಕೊಂಡು ಸಿಳ್ಳೆ ಹೊಡೆದ ಹಾಗೆ. ಶಿವರಾಜ ಒಮ್ಮೆ ಅದನ್ನೇ ನಿಜವೆಂದು ನಂಬಿ ಸೆಟ್ಟಿನ ಕಡೆಗೆ ಓಡಿದ್ದುಂಟು.

ಒಬ್ಬೊಬ್ಬರ ಸರದಿ ಹದಿನೈದು ಸೆಕೆಂಡು. ಹಾಡಬೇಕು, ಕೊನೆಗೆ ಎರಡು ಸೆಕೆಂಡಿನಷ್ಟು ಸುಮ್ಮನಿರಬೇಕು. ಆಮೇಲೆ ಎದುರಿನವರ ಸರದಿ. ಸರದಿ ಶುರುವಾಯಿತೆಂದು ಗಂಟೆ ಹೊಡೆಯುವವರು ಯಾರೂ ಇಲ್ಲ. ಪ್ರತಿಯೊಂದು ಕಂಪ್ಯೂಟರೂ ತನ್ನ ಗಡಿಯಾರವನ್ನೇ ನಂಬಿ ಬಾಯಿ ತೆರೆಯಬೇಕು, ತನ್ನ ಗಡಿಯಾರವನ್ನೇ ನಂಬಿ ಕಿವಿ ತೆರೆಯಬೇಕು. ಗಡಿಯಾರ ಒಂದು ಸೆಕೆಂಡು ಆಚೀಚೆಯಾದರೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ರಾಗ ಬರುತ್ತದೆ, ಮಾತು ಬರುವುದಿಲ್ಲ.

"ನಾ ಮೊದಲನೇ ಸಲ ಕೇಳಿದಾಗ ಮೈ ಝುಮ್ ಅಂತ್ರಿ" ಎನ್ನುತ್ತಾರೆ ಜಬೀನ್. "ರಷ್ಯಾದವ್ರು, ಇಟಲಿಯವ್ರು, ಯಾರ್‍ಯಾರೋ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲ್ಲಾರೂ ಕೂಡೇ ಹಾಡ್ತಾರ, ಎಲ್ಲಾರೂ ಕೂಡೇ ಸುಮ್ನಾಗ್ತಾರ. ಇಷ್ಟು ದೊಡ್ಡ ದುನಿಯಾ ಒಂದ ಸಲಕ್ಕ ಉಸುರು ಹಿಡೀತದಲ್ಲ, ಆ ಸುಮ್ಕಿರೂದು ಅದ ಅಲ್ಲ, ಅದನ್ನ ಕೇಳ್ರಿ."

ಆ ಸುಮ್ಮನಿರುವಿಕೆಯನ್ನು ಕೇಳಲು ಇವರಿಗೆ ಕಲಿಸಿದವರು ತಂದೆ ಜಿಲಾನಿ ಪಾಷಾ. ಅಂಗಡಿಯ ಗೋಡೆ ತುಂಬ ಗಡಿಯಾರಗಳಿದ್ದ ಕಾಲದಲ್ಲಿ ಅವರು ಮಗಳ ಕಣ್ಣು ಮುಚ್ಚಿಸಿ, ಇಷ್ಟರಲ್ಲಿ ಯಾವುದು ಕುಂಟುತ್ತಿದೆ ಹೇಳು ಎನ್ನುತ್ತಿದ್ದರಂತೆ. ಕೈಗಡಿಯಾರದ ಚಕ್ರ ಒಂದು ಸೆಕೆಂಡಿಗೆ ಐದು ಸಲ ಟಿಕ್ ಎನ್ನುತ್ತದೆ. ಆ ಲಯ ಜಬೀನ್ ನಾಲಿಗೆಯ ತುದಿಯಲ್ಲಿ ಕೂತುಬಿಟ್ಟಿತು. ಈಗ ಅಬ್ಬಾನ ಕೈ ನಡುಗುತ್ತದೆ, ಚಿಮಟ ನಿಲ್ಲುವುದಿಲ್ಲ. ಗೋಡೆಯ ಗಡಿಯಾರಗಳು ಹೋಗಿ ಮೊಬೈಲ್ ಕವರುಗಳು ನೇತುಬಿದ್ದವು. ಗಂಡ ಮುನ್ನಾ ಗೂಡ್ಸ್ ಆಟೋ ಓಡಿಸುತ್ತಾರೆ, ಮನೆಯಲ್ಲಿ ಇಬ್ಬರು ಮಕ್ಕಳು. ಜಬೀನ್ ಕಂಪ್ಯೂಟರ್ ರಿಪೇರಿ ಕಲಿತು ಅದೇ ಗೂಡಿನಲ್ಲಿ ಕೂತರು. ಮೊದಲಿಗೆ ಬಂದ ಗಿರಾಕಿಗಳು ಒಳಗೆ ಇಣುಕಿ, ಗಂಡಸರು ಯಾರೂ ಇಲ್ಲೇನು ಎಂದು ಕೇಳಿ ಹೋಗುತ್ತಿದ್ದರಂತೆ. ಹೋದವರು ಬೇರೆ ಕಡೆ ಕೆಡಿಸಿಕೊಂಡು ಮತ್ತೆ ಬರುತ್ತಿದ್ದರು.

ಹಾಗೆ ಒಳಗೆ ಇಣುಕದೆ ನೇರ ಬಂದು ಕೂತವರು ವಿರೂಪಣ್ಣ. ಅಕ್ಕಿ ಗಿರಣಿಯ ಯಜಮಾನರು, ರಾಯಚೂರಿನ ಹವ್ಯಾಸಿ ರೇಡಿಯೋ ಗೆಳೆಯರ ಬಳಗಕ್ಕೆ ಹಿರಿಯರು. ಲ್ಯಾಪ್‌ಟಾಪಿನ ಒಳಗೆ ಗಡಿಯಾರ ನಡೆಸುವ ಬಿಲ್ಲೆಯಂಥ ಸಣ್ಣ ಬ್ಯಾಟರಿ ಸತ್ತಿತ್ತು; ಜಬೀನ್ ಹೊಸದು ಹಾಕಿಕೊಟ್ಟರು. ವಾರ ಕಳೆಯುವಷ್ಟರಲ್ಲಿ ವಿರೂಪಣ್ಣ ಮತ್ತೆ ಬಂದರು. ಮತ್ತೆ ಬಂದರು. ಆ ದೃಶ್ಯವನ್ನು ಜಬೀನ್ ಅಭಿನಯಿಸಿದರೆ ಗುಡ್ಡದ ಮೇಲೆ ವಿರೂಪಣ್ಣನೇ ಬಂದು ಕೂತಂತಾಗುತ್ತದೆ. ಗದ್ದ ಎದೆಗೆ ಇಳಿಯುತ್ತದೆ, ದನಿ ಅಕ್ಕಿ ಮೂಟೆಯಷ್ಟು ಭಾರವಾಗುತ್ತದೆ: "ಜಬೀನಾ... ಎರಡು... ಸೆಕೆಂಡ್... ಹಿಂದ... ಬಿದ್ದದ ನೋಡವಾ." ಆಮೇಲೆ ತಮ್ಮ ದನಿಗೆ ಮರಳಿ, "ಕಾಕಾನ ಆ ಮಾತು ಮುಗಿಯೂದ್ರಾಗ ಇನ್ನೂ ನಾಕು ಸೆಕೆಂಡ್ ಹೋಗಿರ್ತಿತ್ರಿ" ಎಂದು ನಗುತ್ತಾರೆ.

ಎರಡು ಸೆಕೆಂಡಿಗಾಗಿ ಬಿಸಿಲಲ್ಲಿ ಬರುವ ಈ ಮನುಷ್ಯನಿಗೆ ಎಲ್ಲೋ ಸ್ವಲ್ಪ ಸಡಿಲಾಗಿದೆ ಎಂದುಕೊಂಡಿದ್ದ ಜಬೀನ್, ಒಂದು ದಿನ ಗಿರಣಿಯ ಮಾಳಿಗೆ ಹತ್ತಿ ಆ ರಾಗ ಕೇಳಿದರು. ಇಳಿದು ಬಂದವರು ಬೇರೆಯೇ ಜಬೀನ್.

ಅಂದಿನಿಂದ ಬಳಗದ ಲ್ಯಾಪ್‌ಟಾಪುಗಳೆಲ್ಲ ಇವರ ಸಾಕುಮಕ್ಕಳು. ಕಂಪ್ಯೂಟರಿನ ಗಡಿಯಾರದ ಜೀವ ಅಕ್ಕಿಕಾಳಿನಷ್ಟು ಸ್ಫಟಿಕದ ಚೂರಿನಲ್ಲಿರುತ್ತದೆ. ಕಾವಿಗೆ ಅದರ ನಡಿಗೆ ಬದಲಾಗುತ್ತದೆ. ರಾಯಚೂರಿನ ಬಿಸಿಲಿಗೆ ಮನುಷ್ಯರೇ ಹಾದಿ ತಪ್ಪುವಾಗ ಅದರದ್ದೇನು ತಪ್ಪು? ಯಾವುದು ಬಿಸಿಲೇರಿದರೆ ಓಡುತ್ತದೆ, ಯಾವುದು ಮೈಗಳ್ಳ ಎಂಬುದು ಇವರಿಗೆ ಬಾಯಿಪಾಠ. ಹಿಂದೆ ಬೀಳುವ ಒಂದಕ್ಕೆ "ಕಾಕಾ" ಎಂದು ಹೆಸರಿಟ್ಟಿದ್ದಾರೆ. ಹೆಸರಿನ ಒಡೆಯರಿಗೂ ಅದು ಗೊತ್ತು. ಗಾಡಿಯಲ್ಲಿ ಎಂಜಿನ್ ಹತ್ತಿರ ಇಡಬೇಡಿ ಎಂದು ಬೈದು, ಒದ್ದೆ ಗೋಣಿಯ ನೆರಳು ಕಟ್ಟಿ ಕಳಿಸುತ್ತಾರೆ.

ಸೆಕೆಂಡು ತರುವುದು ಎಲ್ಲಿಂದ? ಆಕಾಶದಿಂದಲೇ. ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಸಮಯವನ್ನೂ ಸಾರುತ್ತವೆ. ಅದನ್ನು ಹಿಡಿಯುವ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದು ಜಬೀನ್ ಹತ್ತಿರವಿದೆ. ತಂಡ ಹೊರಡುವ ದಿನ ನಸುಕಿನಲ್ಲಿ ಮನೆಯ ಮಾಳಿಗೆಯ ಕಟ್ಟೆ ಮೇಲೆ ಡಬ್ಬಿ ಇಟ್ಟು, ಕೆಳಗೆ ಬಂದು ಚಹಾಕ್ಕೆ ನೀರಿಡುತ್ತಾರೆ. ಚಹಾ ಕುದಿದು, ಸೋಸಿ, ಎಲ್ಲರೂ ಕುಡಿದ ಮೇಲೆಯೇ ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೇ ಹೊತ್ತು ಕುಡಿಸುವುದು. ಇದನ್ನು ಬಳಗದವರು "ಡಬ್ಬಿಗೆ ಚಾ" ಎನ್ನುತ್ತಾರೆ. ಡಬ್ಬಿಯ ಚಹಾ ಆಗದೆ ಯಾರೂ ಹೊರಡುವಂತಿಲ್ಲ.

ಇವತ್ತಿನ ಪಯಣ ಮೋಜಿನದಲ್ಲ. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಒಂದು ಸಣ್ಣ ಊರಿದೆ. ಮೇಲಿನಿಂದ ನೀರು ಬಿಟ್ಟರೆ ದಾರಿ ಮುಳುಗುತ್ತದೆ, ಕರೆಂಟು ಹೋಗುತ್ತದೆ, ಕೊನೆಗೆ ಮೊಬೈಲ್ ಟವರೂ ಕಣ್ಣು ಮುಚ್ಚುತ್ತದೆ. ಹೋದ ಸಲ ಹಾಗಾದಾಗ ಹೆರಿಗೆ ನೋವು ತಿನ್ನುತ್ತಿದ್ದ ಒಬ್ಬಾಕೆಯನ್ನು ಮುಂದಿಟ್ಟುಕೊಂಡು, ಊರಿನ ಆಶಾ ಕಾರ್ಯಕರ್ತೆ ಶಿವಬಸಮ್ಮ ಮಾತಾಡದ ಫೋನು ಹಿಡಿದು ರಾತ್ರಿ ಕಳೆದಿದ್ದರು. ತಾಯಿ, ಕೂಸು ಉಳಿದವು; ಶಿವಬಸಮ್ಮನ ಸಿಟ್ಟೂ ಉಳಿಯಿತು. "ಹೊಳಿ ಬಂದ್ರ ನಮ್ಮೂರು ಅದ ಅನ್ನೂದು ಹೊಳಿಗಷ್ಟ ಗೊತ್ತಿರ್ತದ" ಎಂದು ಅವರು ತಾಲ್ಲೂಕಿನ ಸಭೆಯಲ್ಲಿ ಎದ್ದು ಹೇಳಿದ ಮೇಲೆ, ಅಲ್ಲಿನ ಶಾಲೆಯಲ್ಲಿ ಒಂದು ರೇಡಿಯೋ ಇಡುತ್ತೇವೆ ಎಂದು ಬಳಗದವರು ಮುಂದೆ ಬಂದರು. ತಾಲ್ಲೂಕಿನ ಅಧಿಕಾರಿ ಒಂದು ಬೆಳಗು ಪರೀಕ್ಷೆಗೆ ಒಪ್ಪಿದ್ದಾರೆ. ಷರತ್ತು ಸರಳ: ಎಲ್ಲರ ಫೋನೂ ಬಂದ್, ಇಂಟರ್ನೆಟ್ ಬಂದ್, ಹೊಳೆದಂಡೆಯ ಕರೆ ಜಿಲ್ಲೆಯಾಚೆಯ ಅಪರಿಚಿತರಿಗೆ ಮುಟ್ಟಿ ಅಲ್ಲಿಂದ ಮರುಮಾತು ಬರಬೇಕು. ನೀವು ನೀವೇ ಮಾತಾಡಿಕೊಂಡರೆ ನಡೆಯದು. ಬಂದರೆ ಸೆಟ್ಟು ಶಾಲೆಯಲ್ಲಿ ಉಳಿಯುತ್ತದೆ, ಬಾರದಿದ್ದರೆ ಇಲ್ಲ.

ಆದ್ದರಿಂದ ಈಗ, ಹೊಳೆದಂಡೆಯ ಕರೆ ಹೊರಟಿತೇ ಎಂದು ಕೇಳಿ ನೋಡಲು, ಮೂರು ಕಡೆ ಮೂರು ಸೆಟ್ಟು. ದೇವದುರ್ಗದ ಹೊಳೆದಂಡೆಯಲ್ಲಿ ಬಳಗದ ಹುಡುಗ ಅಮರೇಶ, ಪಕ್ಕದಲ್ಲಿ ಶಿವಬಸಮ್ಮ ಮತ್ತು ಅಧಿಕಾರಿ. ರಾಯಚೂರಿನ ಗಿರಣಿ ಮಾಳಿಗೆಯಲ್ಲಿ ವಿರೂಪಣ್ಣ. ಮಾನ್ವಿಯ ಗುಡ್ಡದಲ್ಲಿ ಶಿವರಾಜ, ಜಬೀನ್.

ಆರಂಭ ಹಬ್ಬದಂತಿದೆ. ಅಮರೇಶನ ಕರೆ ಪರದೆಯ ಮೇಲೆ ಮೂಡುತ್ತದೆ, ವಿರೂಪಣ್ಣನದೂ ಮೂಡುತ್ತದೆ. ಪ್ರತಿ ಕರೆಯ ಪಕ್ಕದಲ್ಲಿ ಒಂದು ಅಂಕಿ ಬರುತ್ತದೆ: ಕರೆದವರ ಗಡಿಯಾರಕ್ಕೂ ನಮ್ಮದಕ್ಕೂ ಎಷ್ಟು ಅಂತರ ಎಂಬುದರ ಅಂಕಿ. ಇಬ್ಬರ ಪಕ್ಕದಲ್ಲೂ ಸೊನ್ನೆ. ಶಿವರಾಜ ಅದನ್ನು ನೋಡಿ ಹಿಗ್ಗುತ್ತಾನೆ.

ಆದರೆ ಉಳಿದ ಲೋಕ ಬರುವುದಿಲ್ಲ. ಪರದೆಯ ಇನ್ನೊಂದು ಮೂಲೆಯಲ್ಲಿ ದೂರದವರ ರಾಗಗಳು ತೆಳುವಾದ ಗೆರೆಗಳಾಗಿ ಹರಿದು ಬರುತ್ತಿವೆ, ಅಕ್ಷರವಾಗುತ್ತಿಲ್ಲ. ಸರದಿಯ ಮೇಲೆ ಸರದಿ ಹೋಗುತ್ತದೆ. ಶಿವರಾಜ ಗಳ ತಿರುಗಿಸುತ್ತಾನೆ, ತಂತಿ ಜಗ್ಗುತ್ತಾನೆ, ಕೆಳಗಿನ ಹೈಟೆನ್ಷನ್ ಲೈನಿಗೆ ಶಾಪ ಹಾಕುತ್ತಾನೆ. ಇಂಥಾ ಹೊತ್ತಿನಲ್ಲಿ ಯಾವ ಹವ್ಯಾಸಿಯಾದರೂ ಮೊದಲು ಅನುಮಾನಿಸುವುದು ಗಡಿಯಾರವನ್ನು. ಆದರೆ ಮೂವರೂ ಒಬ್ಬರಿಗೊಬ್ಬರು ಸೊನ್ನೆ ತೋರಿಸುತ್ತಿರುವಾಗ ಗಡಿಯಾರವನ್ನು ಯಾರು ಬೈದಾರು? ಅತ್ತ ಮೂಡಣ ಕೆಂಪಾಗುತ್ತಿದೆ. ದೂರದ ಪಡುವಣ ದೇಶಗಳ ದನಿ ಇರುಳಿನ ಆಕಾಶದಲ್ಲಿ ತೇಲಿ ಬರುವಂಥದ್ದು, ಬಿಸಿಲೇರಿದರೆ ಕರಗಿಹೋಗುತ್ತದೆ. ಗೆರೆಗಳು ಆಗಲೇ ಮಸುಕಾಗುತ್ತಿವೆ.

ಜಬೀನ್ ಪರದೆಯಿಂದ ಕಣ್ಣು ತೆಗೆಯುತ್ತಾರೆ. ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ.

ಮೊದಲು ಅಮರೇಶನ ರಾಗ, ದಪ್ಪಗೆ, ಹತ್ತಿರದಿಂದ. ಅದು ನಿಲ್ಲುತ್ತದೆ. ಎಲ್ಲವೂ ನಿಲ್ಲಬೇಕು. ನಿಲ್ಲುವುದಿಲ್ಲ. ಅಮರೇಶ ಸುಮ್ಮನಾದ ಜಾಗದಲ್ಲಿ ಬಹಳ ಕೆಳಗೆ, ಗೋಡೆಯಾಚೆಯ ಮಾತಿನ ಹಾಗೆ, ಲೋಕ ಇನ್ನೂ ಹಾಡುತ್ತಿದೆ. ನಮ್ಮವರು ಮತ್ತೆ ಬಾಯಿ ತೆರೆದ ಮೇಲೆ ಅದು ಉಸಿರು ಹಿಡಿಯುತ್ತದೆ. ಎರಡು ಸುಮ್ಮನಿರುವಿಕೆಗಳು, ಒಂದು ನಮ್ಮದು, ಒಂದು ಲೋಕದ್ದು. ಜಬೀನ್ ನಾಲಿಗೆ ಅಂಗುಳಿಗೆ ಬಡಿದು ಟಿಕ್ ಟಿಕ್ ಎಂದು ಎರಡರ ನಡುವಿನ ಅಂತರ ಎಣಿಸುತ್ತದೆ. ಒಂದು ಸರದಿ, ಖಾತ್ರಿಗೆ ಇನ್ನೊಂದು ಸರದಿ.

"ಶಿವರಾಜಾ, ಆಂಟೆನಾ ಬಿಡು. ತಪ್ಪು ನಂದ ಅದ. ನಾವು ಮೂರೂ ಮಂದಿ ಮೂರು ಸೆಕೆಂಡ್ ಮುಂದ ಇದ್ದೀವಿ."

ತಪ್ಪು ಹೇಗಾಯಿತೆಂದು ಅವರಿಗೆ ಆ ಕ್ಷಣಕ್ಕೇ ಹೊಳೆದಿದೆ. ಡಬ್ಬಿಯ ಒಳಗಿನ ಪುಟ್ಟ ಬ್ಯಾಟರಿ ಮೊನ್ನೆ ಸತ್ತು, ಹೊಸದು ಹಾಕಿದ್ದರು. ಉಪಗ್ರಹದ ಗಡಿಯಾರಕ್ಕೂ ಭೂಮಿಯ ಗಡಿಯಾರಕ್ಕೂ ಕೆಲವು ಸೆಕೆಂಡುಗಳ ಅಂತರವಿದೆ. ಭೂಮಿ ತನ್ನ ಸುತ್ತಿನಲ್ಲಿ ತಡಮಾಡಿದಾಗ ಭೂಮಿಯ ಲೆಕ್ಕಕ್ಕೆ ಒಂದೊಂದು ಸೆಕೆಂಡು ಸೇರಿಸುತ್ತ ಬಂದಿದ್ದಾರೆ. ಉಪಗ್ರಹಗಳು ಅದಕ್ಕೆ ಕಾಯುವುದಿಲ್ಲ. ಈಗ ಅಂತರ ಎಷ್ಟೆಂಬ ಸುದ್ದಿಯನ್ನು ಅವು ನಿಧಾನಕ್ಕೆ, ಬೇರೆ ಮಾತುಗಳ ನಡುವೆ ಒಮ್ಮೆ ಹೇಳುತ್ತವೆ. ಅದು ಬರುವ ತನಕ, ನೆನಪು ಅಳಿಸಿಹೋದ ಡಬ್ಬಿ ತಾನು ಹುಟ್ಟಿದ ಕಾಲದ ಹಳೆಯ ಅಂತರವನ್ನೇ ನಂಬಿರುತ್ತದೆ. ಚಹಾ ಕುದಿಯುವಷ್ಟು ಹೊತ್ತು ಕಾಯುವುದು ಅದಕ್ಕೇ. ಇವತ್ತು ನಸುಕಾಗುವ ಎಷ್ಟೋ ಮೊದಲೇ ದೇವದುರ್ಗಕ್ಕೆ ಹೋಗುವ ಗಾಡಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಡಬ್ಬಿಯ ದೀಪ ಮಿನುಗಿದ ಕೂಡಲೇ ಜಬೀನ್ ಮೂರೂ ಲ್ಯಾಪ್‌ಟಾಪಿಗೆ ಹೊತ್ತು ತುಂಬಿದರು. ಮೂರಕ್ಕೂ ಒಂದೇ ತಪ್ಪು, ಅಳೆದು ಹಂಚಿದಂತೆ. ಎಲ್ಲರೂ ಸೇರಿ ತಪ್ಪಿದರೆ ತಪ್ಪು ಕಾಣುವುದಾದರೂ ಹೇಗೆ?

ಶಿವರಾಜನ ಕೈ ಆಗಲೇ ಗಡಿಯಾರ ತಿದ್ದುವ ಗುಂಡಿಯತ್ತ ಹೋಗಿದೆ. ಜಬೀನ್ ಆ ಕೈ ಹಿಡಿಯುತ್ತಾರೆ.

"ನಿಂದ್ರು. ನಾವು ಮೊದ್ಲ ಸರಿ ಆದ್ರ ಅವರಿಬ್ಬರಿಗೂ ನಮ್ಮ ಮಾತು ಕೇಳಂಗಿಲ್ಲ. ಹೇಳೂ ತನಕ ಅವರ ಕೂಡ ತಪ್ಪಿನ್ಯಾಗ ಇರಬೇಕು."

ಫೋನಿಲ್ಲ. ಹೇಳಬೇಕಾದರೆ ಈ ರಾಗದಲ್ಲೇ, ಈ ತಪ್ಪು ಗಡಿಯಾರದಲ್ಲೇ ಹೇಳಬೇಕು. ಅದರಲ್ಲಿ ಸ್ವಂತ ಮಾತಿಗೆ ಸಿಗುವ ಜಾಗ ಹದಿಮೂರು ಇಂಗ್ಲಿಷ್ ಅಕ್ಷರ, ಅಷ್ಟೇ. ಶಿವರಾಜ ಟೈಪು ಮಾಡುತ್ತಾನೆ: ಕ್ಲಾಕ್ ಬ್ಯಾಕ್ 3. ಸೆಟ್ಟು ಹಾಡುತ್ತದೆ. ಮುಂದಿನ ಸರದಿಯಲ್ಲಿ ಹೊಳೆದಂಡೆಯಿಂದ ಅಮರೇಶ, ಆಯಿತು ಎನ್ನುತ್ತಾನೆ. ರಾಯಚೂರು ಸುಮ್ಮನಿದೆ. ಗುಡ್ಡದ ಅಂಚಿನಲ್ಲಿ ಸೂರ್ಯನ ಕೆಂಪು ನೆತ್ತಿ ಕಾಣುತ್ತಿದೆ. ಮತ್ತೊಂದು ಸುತ್ತು. ಕೊನೆಗೆ ಗಿರಣಿ ಮಾಳಿಗೆಯಿಂದ ಉತ್ತರ ಬರುತ್ತದೆ: ಆರ್ ಯು ಶ್ಯೂರ್.

ಒಂದು ಇಡೀ ಸರದಿ ಇದಕ್ಕೇ ಖರ್ಚು. ಜಬೀನ್ ಹಣೆ ಚಚ್ಚಿಕೊಳ್ಳುತ್ತಾರೆ. "ಬಾಯಾಗೂ ಹಿಂಗ, ಮಷಿನ್ನ್ಯಾಗೂ ಹಿಂಗ ನೋಡಪಾ ಕಾಕಾ."

ಶಿವರಾಜ ಏನನ್ನೂ ಕೇಳದೆ ಟೈಪು ಮಾಡುತ್ತಾನೆ: ಯೆಸ್ ಜಬೀನ್.

ಅದನ್ನು ಓದಿದ ಮೇಲೆ ವಿರೂಪಣ್ಣ ಮತ್ತೇನೂ ಕೇಳಲಿಲ್ಲ. ಮುಂದಿನ ಸರದಿಗೇ, ಆಯಿತು.

ಜಬೀನ್ ಪ್ರತಿ ಲ್ಯಾಪ್‌ಟಾಪಿನಲ್ಲೂ ಗಡಿಯಾರವನ್ನು ಸೆಕೆಂಡಿನ ಲೆಕ್ಕದಲ್ಲಿ ಹಿಂದೆ ಮುಂದೆ ಸರಿಸುವ ಒಂದು ಗುಂಡಿ ಮಾಡಿಟ್ಟಿದ್ದಾರೆ. ಮೂರು ಊರುಗಳಲ್ಲಿ ಮೂರು ಬೆರಳು ಅದನ್ನು ಒತ್ತುತ್ತವೆ. ಮೂರು ಊರುಗಳು ಮೂರು ಸೆಕೆಂಡು ಹಿಂದೆ ಬರುತ್ತವೆ.

ಪರದೆ ಒಮ್ಮೆಲೇ ತುಂಬಿಕೊಳ್ಳುತ್ತದೆ. ಇಷ್ಟು ಹೊತ್ತು ಬರೀ ಗೆರೆಯಾಗಿದ್ದವರು ಹೆಸರಾಗಿ, ಊರಾಗಿ ಸಾಲಿನ ಮೇಲೆ ಸಾಲು ಇಳಿಯುತ್ತಾರೆ. ಇಡೀ ಲೋಕ ಬಾಗಿಲಲ್ಲೇ ನಿಂತಿತ್ತು. ನಾವು ಮೂರು ಸೆಕೆಂಡು ಬೇಗ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಹೊಳೆದಂಡೆಯಿಂದ ಅಮರೇಶ ಕರೆಯುತ್ತಾನೆ. ಒಂದು ಸಲ, ಎರಡು ಸಲ. ಗೆರೆಗಳು ಕರಗುತ್ತಿವೆ. ಮೂರನೆಯ ಕರೆಗೆ ಮಸ್ಕತ್ತಿನಿಂದ ಯಾರೋ ಒಬ್ಬರು, ಅಲ್ಲಿನ ಕತ್ತಲಲ್ಲಿ ಕೂತವರು, ಅಮರೇಶನ ರೇಡಿಯೋ ಕರೆಹೆಸರು ಹಿಡಿದು ಉತ್ತರಿಸುತ್ತಾರೆ: ಕೇಳಿಸಿತು, ಇಷ್ಟು ಬಲವಾಗಿ ಕೇಳಿಸಿತು. ಆಮೇಲೆ ಬಿಸಿಲು ಗುಡ್ಡ ಹತ್ತುತ್ತದೆ, ಮಸ್ಕತ್ತು ಮಾಯವಾಗುತ್ತದೆ.

ಅಷ್ಟು ಸಾಕಿತ್ತು. ಗುಡ್ಡ ಇಳಿದು, ಗಾಡಿಯಲ್ಲಿಟ್ಟಿದ್ದ ಫೋನು ಹಚ್ಚಿದಾಗ ಮೊದಲು ಬಂದ ಕರೆ ಶಿವಬಸಮ್ಮನದು. ಸಾಹೇಬರು ಸಹಿ ಹಾಕಿದರು, ಸೆಟ್ಟು ಶಾಲೆಯಲ್ಲಿ ಉಳಿಯುತ್ತದೆ ಎಂದು ಹೇಳಿ, ಕೊನೆಗೆ ದನಿ ಸಣ್ಣ ಮಾಡಿ, "ಯವ್ವಾ ಜಬೀನಾ, ನಮ್ಮೂರು ಅದ ಅಂತ ಮಸ್ಕತ್ತಿಗೂ ಗೊತ್ತಾತ ನೋಡು" ಎಂದರಂತೆ. ಆಮೇಲೆ ಜಬೀನ್ ಶಿವರಾಜನನ್ನು ಕರೆದುಕೊಂಡು ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನ್ನಿಸಿದರು.

ಮಧ್ಯಾಹ್ನ ರಾಯಚೂರಿಗೆ ಮರಳಿ ನೋಡಿದರೆ, ಹೊರಡುವ ಗಡಿಬಿಡಿಯಲ್ಲಿ ಮಾಳಿಗೆಯ ಕಟ್ಟೆಯ ಮೇಲೆಯೇ ಮರೆತು ಹೋಗಿದ್ದ ಡಬ್ಬಿ ಈ ಹೊತ್ತಿಗೆ ಸುದ್ದಿಯನ್ನು ಪೂರಾ ಕೇಳಿಸಿಕೊಂಡು, ತನ್ನಷ್ಟಕ್ಕೆ ತಾನೇ ತಿದ್ದಿಕೊಂಡು ಸರಿಯಾದ ಸೆಕೆಂಡು ತೋರಿಸುತ್ತಿದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಜಿಲಾನಿ ಪಾಷಾ ಕೂತಿದ್ದಾರೆ. ಚಹಾ ಕುಡಿಸದೆ ಕೆಲಸಕ್ಕೆ ಹಚ್ಚಿದರೆ ಯಾರು ದುಡಿಯುತ್ತಾರೆ ಬೇಟಿ ಎಂದು ಅವರು ದಖ್ಖನಿ ಉರ್ದುವಿನಲ್ಲಿ ಕೇಳಿದ್ದಕ್ಕೆ ಮಗಳು ತಲೆ ತಗ್ಗಿಸಿ ನಕ್ಕಿದ್ದಾರೆ.

ಇನ್ನೇನು ಬೇಕು ಎಂದರೆ ಜಬೀನ್ ತಮಗಾಗಿ ಏನೂ ಕೇಳುವುದಿಲ್ಲ. ಆ ಶಾಲೆಯಲ್ಲಿ ಸೆಟ್ಟು ಇಡುವ ಕೋಣೆಗೆ ಆಕಾಶ ಕಾಣುವ ಒಂದು ಕಿಟಕಿ ಇರಲಿ, ಅಲ್ಲೊಂದು ಡಬ್ಬಿ ಇರಲಿ, ಪಕ್ಕದಲ್ಲಿ ಚಹಾ ಕಾಸಲು ಒಂದು ಒಲೆ ಇರಲಿ. ಪರವಾನಗಿ ಸಿಕ್ಕ ಮೇಲೆ, ಹೊಳೆ ಎಷ್ಟೇ ಅವಸರ ಮಾಡಿದರೂ, ಶಿವಬಸಮ್ಮ ಆ ಚಹಾ ಮುಗಿಸಿಯೇ ಗುಂಡಿ ಮುಟ್ಟಬೇಕು. ಅದನ್ನು ಕಲಿಸಲು ಜಬೀನ್ ಬರುವ ವಾರ ದೇವದುರ್ಗದ ಬಸ್ಸು ಹತ್ತುತ್ತಾರೆ.

ಇವತ್ತು ಮೊದಲ ಬಾರಿಗೆ ಅವರ ಹೆಸರು ಆಕಾಶಕ್ಕೆ ಹೋಯಿತು. ಹೋದದ್ದೂ ತಪ್ಪು ಗಡಿಯಾರದಲ್ಲಿ. ಮೂರು ಊರಿನ ಮೂವರ ಹೊರತು ಲೋಕದಲ್ಲಿ ಯಾರೂ ಅದನ್ನು ಓದಿರಲಾರರು. ಬೇಸರವಾಯಿತೇ ಎಂದರೆ ಜಬೀನ್ ಲ್ಯಾಪ್‌ಟಾಪ್ ತೆರೆದು ಮಸ್ಕತ್ತಿನ ಸಾಲಿನ ಮೇಲೆ ಬೆರಳಿಡುತ್ತಾರೆ. ಅದರ ಪಕ್ಕದಲ್ಲಿ ಒಂದು ಸೊನ್ನೆ.

"ನಮ್ಮನಮ್ಮೊಳಗ ಹಾಕ್ಕೊಂಡಿದ್ದು ಸೊನ್ನಿ ಅಲ್ರಿ. ಇದು ನೋಡ್ರಿ ಖರೇ ಸೊನ್ನಿ. ಆ ಮನಿಷ್ಯಾನ ಪರದಿ ಮ್ಯಾಲೂ ನಮ್ಮೂರಿನ ಮುಂದ ಇಂಥದ ಒಂದು ಬಂದಿರ್ತದ. ನನ್ನ ಹೆಸರು ಅವಂಗ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ. ಆ ಸೊನ್ನಿ ನಂದು."